ಎಡಗಡೆಯ ತುಕ್ಕು

ನನ್ನ ಜೀಪು ಬಲಗಡೆಯಿಂದ ನೋಡಿದವರಿಗೆ ಮದುವಣಗಿತ್ತಿ, ಎಡಗಡೆಯಿಂದ ನೋಡಿದವರಿಗೆ ಗುಜರಿ. ಊರಿನ ಜನ ಬೇಕಂತಲೇ ಎಡಗಡೆಯಿಂದ ಬಂದು, ಇದಕ್ಕೆ ಇನ್ನೂ ಜೀವ ಇದೆಯೇ ಅಡಿವೆಪ್ಪ ಎಂದು ಕೇಳಿ ಹೋಗುತ್ತಿದ್ದರು. ನಿಮ್ಮಪ್ಪನಿಗೆ ಇದೆಯೇ ಎಂದು ಕೇಳಬೇಕೆನಿಸುತ್ತಿತ್ತು. ಕೇಳುತ್ತಿರಲಿಲ್ಲ. ಆರು ವರ್ಷಗಳ ಹಿಂದೆ ಬಾಯಿಗೆ ಬಂದದ್ದನ್ನು ಆಡಿ ಒಮ್ಮೆ ಕೈ ಸುಟ್ಟುಕೊಂಡವನು ನಾನು.

ನಮ್ಮೂರಲ್ಲಿ ಕಬ್ಬಿಣವನ್ನು ದಿನಾ ಮುಟ್ಟಬೇಕು. ಬೆಳಗಾಗುತ್ತಲೇ, ಮುಖ ತೊಳೆಯುವುದಕ್ಕೂ ಮೊದಲು, ಮನೆಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟೂ ಜನ ತಮ್ಮ ತಮ್ಮ ಪಾಲಿನ ಕಬ್ಬಿಣ ಸವರುತ್ತಾರೆ. ಒಬ್ಬರು ಚಿಲಕ, ಒಬ್ಬರು ಕುಡಗೋಲು, ಒಬ್ಬರು ರೊಟ್ಟಿ ಹಂಚು, ಇನ್ನೊಬ್ಬರು ಬಾವಿಯ ಗಾಲಿ. ಸವರಿದಷ್ಟು ಜಾಗ ಬೆಳ್ಳಗೆ ಉಳಿಯುತ್ತದೆ. ಒಂದು ದಿನ ತಪ್ಪಿದರೆ ಕೆಂಪು, ಒಂದು ವರ್ಷ ತಪ್ಪಿದರೆ ತೂತು. ಎಣ್ಣೆ, ಬಣ್ಣ, ಗ್ರೀಸು ಯಾವುದಕ್ಕೂ ನಮ್ಮೂರಿನ ತುಕ್ಕು ಜಗ್ಗುವುದಿಲ್ಲ. ಅಷ್ಟೇ ಆಗಿದ್ದರೆ ಅಡ್ಡಿಯಿರಲಿಲ್ಲ, ಒಬ್ಬರ ಎರಡು ಕೈಗೆ ಇಷ್ಟೇ ಕಬ್ಬಿಣ ಎಂಬ ಮಿತಿಯೂ ಇದೆ. ದುರಾಸೆಗೆ ಬಿದ್ದು ಹೆಚ್ಚು ಸವರಿದರೆ ಎಲ್ಲದಕ್ಕೂ ಅರೆಬರೆ ತುಕ್ಕು. ಹೀಗಾಗಿ ನಮ್ಮಲ್ಲಿ ಹೆಣ್ಣು ಕೊಡುವವರು ಹೊಲ ಎಷ್ಟು ಎಂದು ಕೇಳುವುದಿಲ್ಲ, ಮನೆಯಲ್ಲಿ ಎಷ್ಟು ಕೈ ಎಂದು ಕೇಳುತ್ತಾರೆ. ಯಾರಾದರೂ ತೀರಿಕೊಂಡರೆ ಹನ್ನೊಂದನೆಯ ದಿನ ಮನೆಯವರೆಲ್ಲ ಕೂತು, ಇನ್ನು ಯಾವ ಕಬ್ಬಿಣ ಬಿಟ್ಟುಕೊಡುವುದೆಂದು ತೀರ್ಮಾನಿಸುತ್ತಾರೆ. ನಮ್ಮವ್ವ ಹೋದಾಗ ಬಾವಿಯ ಗಾಲಿ ಹೋಯಿತು. ಅಪ್ಪ ಹೋದಾಗ ಕಿಟಕಿಯ ಸರಳುಗಳು ಹೋದವು. ಮದುವೆ ನನ್ನ ಹಣೆಯಲ್ಲಿ ಬರೆದಿರಲಿಲ್ಲ, ಆ ಕತೆ ಬಿಡಿ. ಕೊನೆಗೆ ಮನೆಯಲ್ಲಿ ಉಳಿದದ್ದು ಒಂದು ಚಿಲಕ, ಒಂದು ಚಾಕು, ಒಂದು ಹಂಚು ಮತ್ತು ನಾನು.

ಇಂಥ ಒಬ್ಬನಿಂದ ಜೀಪು ಇಟ್ಟುಕೊಳ್ಳುವುದು ಆಗದ ಮಾತು. ಯಮನೂರಪ್ಪನಿಂದಲೂ ಆಗದ ಮಾತು. ಅವನು ನನ್ನ ಚಿಕ್ಕಂದಿನ ಗೆಳೆಯ, ನನ್ನ ಬಾಯಲ್ಲಿ ಯಮನೂರಿ. ಹೆಂಡತಿ ತೀರಿಕೊಂಡು, ಮಗಳು ಗಂಡನ ಊರಿಗೆ ಹೋದ ಮೇಲೆ ಅವನೂ ನನ್ನ ಹಾಗೇ ಒಬ್ಬಂಟಿ. ಇಬ್ಬರೂ ಕೂಡಿ ಹಳೆಯ ಜೀಪೊಂದನ್ನು ತಂದು, ಬಾನೆಟ್ಟಿನ ನಡುವೆ ಸುಣ್ಣದ ಗೆರೆ ಎಳೆದು ಪಾಲು ಮಾಡಿಕೊಂಡೆವು. ಓಡಿಸುವ ನನಗೆ ಬಲಗಡೆ, ಪಕ್ಕದಲ್ಲಿ ಕೂರುವ ಅವನಿಗೆ ಎಡಗಡೆ. ದಿನಾ ಬೆಳಿಗ್ಗೆ ಅವನು ನನ್ನ ಅಂಗಳಕ್ಕೆ ಬರುತ್ತಿದ್ದ. ನಾನು ಆ ಕಡೆಯಿಂದ ಅವನು ಈ ಕಡೆಯಿಂದ ಸವರುತ್ತ ಊರಿನ ಸುದ್ದಿಯನ್ನೆಲ್ಲ ಆಡಿ ಮುಗಿಸುತ್ತಿದ್ದೆವು. ಆಮೇಲೆ ಚಹಾ. ಆಮೇಲೆ ಕಲ್ಲುಬಯಲು ದಾಟಿ ಮೇಲಿನ ಹಟ್ಟಿಗೆ ಅಕ್ಕಿ, ಸೀಮೆಎಣ್ಣೆ, ಔಷಧಿ ಒಯ್ಯುವುದು, ಬರುವಾಗ ಕಾಯಿಲೆಯವರನ್ನೋ ಬಸುರಿಯರನ್ನೋ ಕರೆತರುವುದು. ಕಲ್ಲುಬಯಲಿನಲ್ಲಿ ದಾರಿ ಎಂಬುದಿಲ್ಲ, ಬಂಡೆಗಳ ನಡುವೆ ನುಸುಳಬೇಕು. ಎಡಗಡೆಯ ಗಾಲಿ ನನಗೆ ಕಾಣುತ್ತಿರಲಿಲ್ಲ. ಯಮನೂರಿ ತನ್ನ ಕಡೆಯ ಹಿಡಿಕೆ ಸರಳನ್ನು ಹಿಡಿದು ಹೊರಗೆ ಬಾಗಿ, 'ಎಡಕ್ಕ ಕಲ್ಲೈತಿ, ನೋಡ್ಕೋ' ಎನ್ನುತ್ತಿದ್ದ. ದಿನಕ್ಕೆ ನೂರು ಸಲ ಅನ್ನುತ್ತಿದ್ದ. ಹದಿನೆಂಟು ವರ್ಷ ಅಂದ.

ಆಮೇಲೆ ಒಂದು ಬೆಳಿಗ್ಗೆ ಎಡಗಡೆಯ ಫುಟ್‌ಬೋರ್ಡಿನ ಮೇಲೆ ರೊಟ್ಟಿಯಗಲ ತುಕ್ಕು ಕಾಣಿಸಿತು. ಅವನ ಪಾಲು ಅದು. ಸವರಿಲ್ಲವೇನೋ ಎಂದೆ. ಸವರಿದ್ದೇನೆ ಎಂದ. ಮರುದಿನ ತುಕ್ಕು ಇನ್ನಷ್ಟು ಹರಡಿತ್ತು. ಮೂರನೆಯ ದಿನ ಚಹಾದಂಗಡಿಯಲ್ಲಿ ಹತ್ತು ಜನ ಕೂತಿದ್ದಾಗ ಅದೇ ಮಾತು ಬಂತು. ತಾಯಾಣೆ ಸವರಿದ್ದೇನೆ ಎಂದ. ಸಿಟ್ಟು ಎಲ್ಲಿ ಅಡಗಿ ಕೂತಿತ್ತೋ ಏನೋ ನನಗೆ.

'ಹಂಗಾದ್ರ ನಿನ್ನ ಕೈ ಸತ್ತೈತಿ ತಗೊ' ಎಂದುಬಿಟ್ಟೆ.

ಬೇರೆ ಊರಿನವರಿಗೆ ಇದು ದೊಡ್ಡ ಬೈಗುಳ ಅನಿಸಲಿಕ್ಕಿಲ್ಲ. ನಮ್ಮಲ್ಲಿ ಮುಪ್ಪಿನ ಕೊನೆಗೆ ಕೆಲವರ ಕೈ ಸಾಯುತ್ತದೆ. ಎಷ್ಟು ಸವರಿದರೂ ಕಬ್ಬಿಣ ಕೆಂಪಾಗುತ್ತದೆ. ಅಂಥವರು ವರ್ಷ ತುಂಬುವುದರೊಳಗೆ ಹೋಗುತ್ತಾರೆಂದು ಎಲ್ಲರ ನಂಬಿಕೆ. ಅಂಥವರ ಕೈಗೆ ಯಾರೂ ಸೌಟು ಕೊಡುವುದಿಲ್ಲ, ಕೂಸು ಕೊಡುವುದಿಲ್ಲ. ಯಮನೂರಿಗೆ ಆಗ ಐವತ್ತೆರಡು. ಅವನು ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿ, ಬಸಿ ತೊಳೆದಿಟ್ಟು, ಎದ್ದು ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನ ಅವನು ಬರಲಿಲ್ಲ. ನಾನು ಕರೆಯಲು ಹೋಗಲಿಲ್ಲ. ತಪ್ಪು ಅವನದು, ಅವನೇ ಬರಲಿ ಎಂದುಕೊಂಡೆ. ಅವನ ಮನೆ ಊರಿನ ಕೊನೆಯದು, ಕಲ್ಲುಬಯಲು ಶುರುವಾಗುವಲ್ಲಿ, ದಾರಿಯ ಎಡಕ್ಕೆ. ಆರು ವರ್ಷ ದಿನಾ ಅದನ್ನು ದಾಟಿಯೇ ಹೋದೆ. ದಾಟುವಾಗಲೆಲ್ಲ ಕತ್ತು ಬಲಕ್ಕೆ ತಿರುಗಿಸಿಕೊಂಡು ಹೋದೆ.

ಎಡಗಡೆಯನ್ನು ನಾನೇ ಸವರಿ ನೋಡಿದೆ. ಮಧ್ಯಾಹ್ನದೊಳಗೆ ಬಲಗಡೆಯೂ ಕೆಂಪಾಗತೊಡಗಿತು, ಬಿಟ್ಟೆ. ಬೇರೆಯವರನ್ನು ಕೇಳೋಣವೆಂದರೆ ಯಾರ ಕೈ ಖಾಲಿ ಇರುತ್ತದೆ ಹೇಳಿ. ಎಲ್ಲರಿಗೂ ಅವರವರ ಮನೆಯ ಕಬ್ಬಿಣವೇ ಸಾಕುಬೇಕಾಗಿರುತ್ತದೆ. ಮೊದಲ ವರ್ಷ ಎಡಗಡೆಯ ಬಾಗಿಲು ಉದುರಿತು. ಮೂರನೆಯ ವರ್ಷ ನೆಲದ ತಗಡು ಹೋಗಿ, ಸೀಟಿನ ಮುಂದೆ ಮಣ್ಣು ಓಡುವುದು ಕಾಣಿಸತೊಡಗಿತು. ಹಟ್ಟಿಯ ಜನ ಹತ್ತುವುದನ್ನು ಬಿಟ್ಟರು. ಸಾಮಾನನ್ನೆಲ್ಲ ಬಲಕ್ಕೆ ಹೇರಿಕೊಂಡು, ಒಂದು ಕಡೆ ವಾಲಿಕೊಂಡು, ನಾನೊಬ್ಬನೇ ಓಡಾಡಿದೆ. ಅಭ್ಯಾಸಬಲ ನೋಡಿ, ಕಲ್ಲುಬಯಲಿಗೆ ಇಳಿದ ಕೂಡಲೇ ಆ ಖಾಲಿ ಸೀಟಿಗೆ, ಯಮನೂರಿ, ಕಲ್ಲು ನೋಡಿಕೋ ಎನ್ನುತ್ತಿದ್ದೆ. ಅಂದ ಮೇಲೆ ನನ್ನ ಮೇಲೆ ನನಗೇ ರೇಗುತ್ತಿತ್ತು. ಮರುದಿನ ಮತ್ತೆ ಅನ್ನುತ್ತಿದ್ದೆ.

ಹೋದ ಚಳಿಗಾಲದಲ್ಲಿ ಕಲ್ಲುಬಯಲಿನ ನಟ್ಟನಡುವೆ ಎಡಗಡೆಯ ಹಿಂದಿನ ಸ್ಪ್ರಿಂಗ್ ಪ್ಲೇಟು ತಳದ ಚೌಕಟ್ಟು, ಚಾಸಿಯಿಂದಲೇ ಕಿತ್ತುಬಂತು. ಜೀಪು ಕುಂಟೆತ್ತಿನಂತೆ ಕುಸಿದು ಕೂತಿತು. ಬಂಡೆಯ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದೆ. ಸುತ್ತ ಒಂದು ಹಕ್ಕಿಯೂ ಇರಲಿಲ್ಲ. ಹಿಂದೆ ಹೀಗೆ ಕೆಟ್ಟು ನಿಂತಾಗ ಯಮನೂರಿ ಜೀಪಿನ ಕೆಳಗೆ ಮಲಗಿ ತಂತಿ ಬಿಗಿಯುತ್ತಿದ್ದ, ನಾನು ಮೇಲೆ ನಿಂತು ಬೈಯುತ್ತಿದ್ದೆ. ಅವತ್ತು ಬೈಯಲೂ ಯಾರೂ ಇರಲಿಲ್ಲ. ಬುತ್ತಿಯನ್ನು ಮತ್ತೆ ಕಟ್ಟಿಟ್ಟೆ. ಔಷಧಿಯ ಚೀಲವನ್ನಷ್ಟೇ ಹೆಗಲಿಗೆ ಹಾಕಿಕೊಂಡು ಹಟ್ಟಿಗೆ ನಡೆದು ಮುಟ್ಟಿಸಿ, ಮರುದಿನ ಅಲ್ಲಿಂದ ಎತ್ತು ಕಟ್ಟಿಸಿ ಜೀಪನ್ನು ಊರಿಗೆ ಎಳೆಸಿದೆ.

ಕಮ್ಮಾರ ಓಣಿಯ ಕಾಳವ್ವ ಗಂಡ ಹೋದ ಮೇಲೆ ಗ್ಯಾರೇಜನ್ನು ತಾನೇ ನಡೆಸುತ್ತಾಳೆ. ಅವಳ ಮಾತು ಅವಳ ಸುತ್ತಿಗೆಗಿಂತ ಭಾರ. ಜೀಪಿನ ಸುತ್ತ ಒಂದು ಸುತ್ತು ಬಂದು, ಎಡಗಡೆಯ ಚಾಸಿಯನ್ನು ಕಾಲಿನಿಂದ ಒದ್ದಳು. ಕೆಂಪು ಪುಡಿ ಸುರಿಯಿತು.

'ರಿಪೇರಿ ಮಾಡಸ್ತೀರೋ, ಬ್ಯಾರೆ ಗಾಡಿ ತಗೋತೀರೋ, ಒಂದ್ ತೀರ್ಮಾನಕ್ಕ ಬರ್ರಿ ಅಣ್ಣಾ' ಎಂದಳು. 'ಹೊಸಾ ತಗಡು ನಾ ಹಾಕ್ತೀನಿ. ಸವರಾವ್ರು ಯಾರು?'

ನಾಲ್ಕು ದಿನ ಬಿಟ್ಟು ಬಂದು ಹೇಳುತ್ತೇನೆ ಎಂದೆ. ಹೇಳುವುದಕ್ಕೇನಿತ್ತು? ಉತ್ತರ ಅವಳ ಪ್ರಶ್ನೆಯಲ್ಲೇ ಇತ್ತು. ಎರಡನೆಯ ದಿನವೇ ರಾಚಪ್ಪನ ಅಂಗಡಿಗೆ ಹೋದೆ. ರಾಚಪ್ಪ ಒಂಟಿ ಗಾಡಿ ಮಾಡುತ್ತಾನೆ. ಮೂರು ದೊಡ್ಡ ಗಾಲಿ, ಮರದ ಚೌಕಟ್ಟು, ಮೇಲೆ ದಪ್ಪ ಬಟ್ಟೆ, ಒಂದೇ ಸೀಟು. ಕಬ್ಬಿಣ ಎಷ್ಟು ಬೇಕೋ ಅಷ್ಟೇ, ಸರಿಯಾಗಿ ಒಬ್ಬರ ಕೈಗೆ ಆಗುವಷ್ಟು. ಊರಲ್ಲಿ ಒಬ್ಬಂಟಿಗರು ಹೆಚ್ಚಿದಂತೆಲ್ಲ ಅವನ ಅಂಗಡಿ ದೊಡ್ಡದಾಗಿದೆ. ಕಲ್ಲಿನ ಮೇಲೆ ಮೇಕೆ ಹತ್ತಿದ ಹಾಗೆ ಹತ್ತುತ್ತದೆ, ಒಮ್ಮೆ ಓಡಿಸಿ ನೋಡು ಎಂದ.

ಓಡಿಸಿದೆ. ಸುಳ್ಳು ಏಕೆ ಹೇಳಲಿ, ಒಳ್ಳೆಯ ಗಾಡಿ. ಮೂರೂ ಗಾಲಿ ಕೂತಲ್ಲಿಂದಲೇ ಕಾಣುತ್ತಿದ್ದವು. ಕಲ್ಲುಬಯಲಿಗೆ ಇಳಿದ ಕೂಡಲೇ ಬಾಯಿ ತನ್ನಷ್ಟಕ್ಕೆ ತಾನೇ, ಯಮನೂರಿ, ಕಲ್ಲು ಎಂದು ಎಡಕ್ಕೆ ತಿರುಗಿತು. ಎಡಕ್ಕೆ ಸೀಟೇ ಇರಲಿಲ್ಲ. ಜೀಪಿನಲ್ಲಿ ಖಾಲಿ ಸೀಟಾದರೂ ಇತ್ತು. ಗಾಡಿ ನಿಲ್ಲಿಸಿದೆ. ಆರು ವರ್ಷ ನಾನು ಒಬ್ಬಂಟಿ ಎಂದುಕೊಂಡು ತಿರುಗಿದ್ದು ಸುಳ್ಳು, ನಿಜವಾದ ಒಬ್ಬಂಟಿತನ ಈಗ ಶುರುವಾಗುತ್ತದೆ ಅನಿಸಿತು. ಆದರೂ ಹಟ್ಟಿಗೆ ಔಷಧಿ ಹೋಗಬೇಕು, ಹೊಟ್ಟೆ ನಡೆಯಬೇಕು. ಇದೇ ಇರಲಿ ಎಂದು ರಾಚಪ್ಪನಿಗೆ ಹೇಳಿ, ಜೀಪನ್ನು ಬಿಚ್ಚಿಬಿಡು ಎನ್ನಲು ಕಾಳವ್ವನಲ್ಲಿಗೆ ಹೋದೆ.

ಕಾಳವ್ವ ಆಗಲೇ ಸೀಟುಗಳನ್ನೂ ನೆಲದ ತಗಡನ್ನೂ ತೆಗೆದು ಚಾಸಿ ಬಯಲು ಮಾಡಿದ್ದಳು. ನನ್ನನ್ನು ಕಂಡವಳೇ ಏನನ್ನೂ ಕೇಳದೆ, ಬಗ್ಗಿ ನೋಡಿರಿ ಎಂದಳು. ಕಮ್ಮಾರರಿಗೆ ತುಕ್ಕು ಓದಲು ಬರುತ್ತದೆ. ಹೊಸ ತುಕ್ಕು ಕಿತ್ತಳೆ, ಹಳೆಯದು ಕಂದು, ತೀರ ಹಳೆಯದು ಕಪ್ಪು. ಅವಳು ಬೆರಳಿಟ್ಟು ತೋರಿಸುತ್ತ ಹೋದಳು. ಎಡಗಡೆಯ ಫುಟ್‌ಬೋರ್ಡಿನ ಹತ್ತಿರ ಕಂದು. ಅಲ್ಲಿಂದ ಅಡ್ಡಪಟ್ಟಿಯ ಒಳಗೊಳಗೇ ಬಂದರೆ ನಡುವೆ ಕಡುಗಂದು. ಬಲಕ್ಕೆ ಬಂದಂತೆ ಕಪ್ಪು. ಕೊನೆಗೆ ಅವಳ ಬೆರಳು ನಿಂತದ್ದು ನನ್ನ ಸೀಟಿನ ಬುಡದಲ್ಲಿ, ಪಾನೆ, ಸ್ಕ್ರೂಡ್ರೈವರು ಇಡುವ ಗೂಡಿನ ಹಿಂದಿನ ಮೂಲೆಯಲ್ಲಿ.

'ತುಕ್ಕು ಹುಟ್ಟೂದು ಒಂದ್ ಕಡೆ, ಕಾಣೂದು ಒಂದ್ ಕಡೆ' ಎಂದಳು. 'ಇದು ಹುಟ್ಟಿದ್ದು ನಿಮ್ಮ ಪಾಲಿನಾಗ.'

ನನಗೆ ಕೂಡಲೇ ನೆನಪಾಯಿತು. ಜಗಳಕ್ಕೆ ಮುಂಚಿನ ವರ್ಷ ಸೊಂಟ ಹಿಡಿದುಕೊಂಡಿತ್ತು. ಆ ಮೂಲೆ ಮುಟ್ಟಬೇಕಾದರೆ ಮಂಡಿಯೂರಿ, ತಲೆ ಒಳಗೆ ಹಾಕಿ, ಭುಜದವರೆಗೆ ಕೈ ತೂರಿಸಬೇಕು. ನಾಲ್ಕು ಬೆರಳಗಲದ ಜಾಗ, ಏನಾಗುತ್ತದೆ ಎಂದು ಬಿಟ್ಟಿದ್ದೆ. ಸೊಂಟ ನೆಟ್ಟಗಾದ ಮೇಲೂ ಬಿಟ್ಟಿದ್ದೆ. ಫುಟ್‌ಬೋರ್ಡಿನ ಮೇಲೆ ತುಕ್ಕು ಕಂಡ ದಿನ ಆ ಮೂಲೆ ಒಂದು ಕ್ಷಣ ಮನಸ್ಸಿಗೆ ಬಂದಿತ್ತು ಕೂಡ. ಛೇ, ಎಲ್ಲಿಯ ಬಲಗಡೆ, ಎಲ್ಲಿಯ ಎಡಗಡೆ ಎಂದು ತಳ್ಳಿಹಾಕಿ, ಚಹಾದಂಗಡಿಗೆ ಹೋಗಿ ಆ ಮಾತು ಆಡಿದ್ದೆ. ನಾಚಿಕೆಯಿಂದ ಕಾಳವ್ವನ ಮುಖ ನೋಡಲಾಗಲಿಲ್ಲ. ಅವಳು ಯಮನೂರಿಯ ಕಡೆಯ, ದಪ್ಪಗಿದ್ದುದರಿಂದ ತುಕ್ಕು ತಿಂದೂ ಉಳಿದಿದ್ದ ಹಿಡಿಕೆ ಸರಳನ್ನು ಬಿಚ್ಚಿ, ಮರಳು ಹಾಕಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿ ನನ್ನ ಕೈಗಿಟ್ಟಳು. ಇದನ್ನು ಅವನ ಕಟ್ಟೆಯ ಮೇಲೆ ಇಟ್ಟು ಬರಬೇಕಂತೆ, ಮಿಕ್ಕದ್ದು ಕಬ್ಬಿಣವೇ ಹೇಳುತ್ತದಂತೆ.

ಆರು ವರ್ಷದಲ್ಲಿ ಮೊದಲ ಸಲ ಎಡಕ್ಕೆ ಕತ್ತು ತಿರುಗಿಸಿ ಆ ಮನೆಯನ್ನು ನೋಡಿದೆ. ಬಾಗಿಲಿಗೆ ಚಿಲಕವೇ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಕೆಂಪು ಕಲೆ, ಅದರ ಮೇಲೆ ಹಗ್ಗದ ಕುಣಿಕೆ. ಕೂಗಿದೆ. ಯಮನೂರಿ ಬಾಗಿಲು ತೆರೆದು, ನನ್ನನ್ನು ನೋಡಿ, ಒಳಗೆ ಸರಿದು ದಾರಿ ಬಿಟ್ಟ. ತಲೆ ಪೂರ್ತಿ ಬೆಳ್ಳಗಾಗಿತ್ತು. ಒಲೆಯ ಮೇಲೆ ಮಣ್ಣಿನ ಹಂಚು, ಪಕ್ಕದಲ್ಲಿ ಮರದ ಸೌಟು. ಈಳಿಗೆ ಇಲ್ಲ, ಕುಡಗೋಲಿಲ್ಲ. ಬದನೆಕಾಯಿಯನ್ನು ಕೈಯಿಂದ ಮುರಿದು ಬುಟ್ಟಿಯಲ್ಲಿಟ್ಟಿದ್ದ. ಇಡೀ ಮನೆ ಹುಡುಕಿದರೆ ಒಂದು ಮೊಳೆ ಸಿಗುತ್ತಿರಲಿಲ್ಲ. ಮಡಕೆಯಿಂದ ನೀರು ಬಗ್ಗಿಸಿ ಕೊಟ್ಟ. ಕುಡಿದೆ.

'ಯಮನೂರಿ, ತಪ್ಪು ನಂದು' ಎಂದೆ. 'ತುಕ್ಕು ನನ್ನ ಸೀಟಿನ ಬುಡಕ್ಕ ಹುಟ್ಟಿತ್ತು. ನಾ ಸವರೂದು ಬಿಟ್ಟಿದ್ದೆ. ನಿನ್ನ ಕೈಗೆ ಏನೂ ಆಗಿಲ್ಲ.'

ಅವನು ಬುಟ್ಟಿಯಿಂದ ಇನ್ನೊಂದು ಬದನೆಕಾಯಿ ಎತ್ತಿ ಮುರಿದ.

'ಮೊದಲನೇ ವರ್ಷ ಸಾಯಾಕ ಕಾದೆ' ಎಂದ. 'ಆಮ್ಯಾಲ ರೂಢಿ ಆತು.'

ಒಂದು ಸಲವಾದರೂ ಮುಟ್ಟಿ ನೋಡಲಿಲ್ಲವೇ, ಒಂದು ಸೂಜಿಯನ್ನಾದರೂ ಮುಟ್ಟಿ ಪರೀಕ್ಷೆ ಮಾಡಬಾರದಿತ್ತೇ ಎಂದು ಕೇಳಿದೆ. ಕೇಳಬಾರದಿತ್ತು. ಅವನು ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದ.

'ಮುಟ್ಟಿ, ಖರೇನ ಸತ್ತೈತಿ ಅಂತ ಗೊತ್ತಾಗಿದ್ರ?'

ಸರಳನ್ನು ಹೊರಗಿನ ಕಟ್ಟೆಯ ಮೇಲಿಟ್ಟು, ಅದು ಅವನ ಹಿಡಿಕೆ ಎಂದಷ್ಟೇ ಹೇಳಿ ಬಂದೆ.

ಮರುದಿನ ಬೆಳಿಗ್ಗೆ ನನ್ನ ಚಿಲಕ, ಚಾಕು, ಹಂಚುಗಳನ್ನು ಹೇಗೆ ಸವರಿದೆನೋ ದೇವರಿಗೇ ಗೊತ್ತು. ಕಾಲೆಳೆಯುತ್ತ ಅವನ ಮನೆಯ ಹತ್ತಿರ ಹೋದೆ. ಯಮನೂರಿ ಕಟ್ಟೆಯ ಮೇಲೆ ಕೂತಿದ್ದ. ಸರಳು ಮುಂದಿತ್ತು. ಎರಡು ತುದಿಗಳೂ ಕೆಂಪಾಗಿದ್ದವು. ನಡುವೆ ಎರಡು ಮುಷ್ಟಿಯಗಲ ಜಾಗ, ಅವನು ಹದಿನೆಂಟು ವರ್ಷ ಹಿಡಿದು ಬಾಗುತ್ತಿದ್ದ ಅದೇ ಜಾಗ, ಬೆಳ್ಳಿಯ ಹಾಗಿತ್ತು. ಅವನು ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ನೋಡುತ್ತಿದ್ದ.

'ಆರು ವರ್ಷ' ಎಂದ.

ನನಗೆ ಅಳು ಬಂತು. ಐವತ್ತೆಂಟರ ಗಂಡಸು, ಬೀದಿಯಲ್ಲಿ ನಿಂತು ಅತ್ತೆ. ಅವನು ಅಳಲೂ ಇಲ್ಲ, ಬೈಯಲೂ ಇಲ್ಲ. ನಾಲ್ಕು ಬಾರಿಸಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಮೂಗು ಒರೆಸಿಕೊಂಡು, ಬಾ ಎಂದೆ. ರಾಚಪ್ಪನಿಗೆ ಬೇಡ ಎಂದು ಹೇಳಿ ಬರುತ್ತೇನೆ, ಕಾಳವ್ವ ಹೊಸ ತಗಡು ಹಾಕುತ್ತಾಳೆ, ನಿನ್ನ ಸೀಟು ಹಾಗೇ ಇದೆ ಎಂದೆಲ್ಲ ಬಡಬಡಿಸಿದೆ. ಅವನು ಎಲ್ಲ ಕೇಳಿಸಿಕೊಂಡ.

'ಇಲ್ಲ ಅಡಿವೆಪ್ಪ' ಎಂದ. 'ನಾಳೆ ಎಲ್ಲ್ಯಾರ ಒಂದ್ ಚುಕ್ಕಿ ತುಕ್ಕು ಬಂತಂದ್ರ, ನೀ ಬಾಯಿಲೆ ಏನೂ ಅನ್ನೂದಿಲ್ಲ. ಆದ್ರ ನನ್ನ ಕೈ ಕಡೆ ಒಮ್ಮೆ ನೋಡ್ತಿ. ಅದು ನನಗ ಬ್ಯಾಡ.'

ನೋಡುವುದಿಲ್ಲ ಎಂದು ಆಣೆ ಮಾಡಬೇಕೆಂದು ಬಾಯಿ ತೆರೆದೆ. ನನ್ನನ್ನು ನಾನು ಬಲ್ಲೆ. ಬಾಯಿ ಮುಚ್ಚಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂಬ ಮಾತು ನಮ್ಮವ್ವ ಆಡಿದಾಗ ನಗುತ್ತಿದ್ದೆ. ಅವನು ಎದ್ದು, ಸರಳನ್ನು ಕೈಗೆತ್ತಿಕೊಂಡು, ಇದು ನನ್ನ ಹತ್ತಿರ ಇರಲಿ ಎಂದು ಹೇಳಿ ಒಳಗೆ ಹೋದ.

ಹೀಗೆ ಜೀಪು ರಿಪೇರಿಯಾಗಲಿಲ್ಲ. ಎತ್ತು ಕಟ್ಟಿ ಕಲ್ಲುಬಯಲಿನ ಅಂಚಿಗೆ ಎಳೆಸಿ ಬಿಟ್ಟೆವು. ಬಿಟ್ಟ ಮರುದಿನವೇ ಬಲಗಡೆಯೂ ಕೆಂಪಾಗಿ, ಎರಡೂ ಕಡೆ ಒಂದೇ ಆಯಿತು. ಈಗ ಹೆಂಗಸರು ಹೊಸ್ತಿಲಿಗೆ ಬಳಿಯಲು ಅದರ ಕೆಂಪು ಪುಡಿಯನ್ನು ಗೋರಿಕೊಂಡು ಹೋಗುತ್ತಾರೆ. ನಾನು ಒಂಟಿ ಗಾಡಿ ತಂದೆ. ಬೆಳಿಗ್ಗೆ ಒಬ್ಬನೇ ಅದರ ಸುತ್ತ ಬಂದು ಸವರುತ್ತೇನೆ. ಬೇಗ ಮುಗಿಯುತ್ತದೆ. ಬಗ್ಗಿ ನೋಡುವ ಮೂಲೆ ಒಂದೂ ಇಲ್ಲ ಅದರಲ್ಲಿ, ಆದರೂ ಮಂಡಿಯೂರಿ ಒಮ್ಮೆ ಬಗ್ಗಿ ನೋಡುತ್ತೇನೆ.

ಈಗ ಆ ಮನೆ ದಾಟುವಾಗ ಕತ್ತು ಎಡಕ್ಕೇ ಇರುತ್ತದೆ. ಮೊದಲ ವಾರ ಬಾಗಿಲು ಹಾಕಿತ್ತು. ಎರಡನೆಯ ವಾರ ಹಗ್ಗದ ಕುಣಿಕೆ ಹೋಗಿ, ಕಾಳವ್ವ ಮಾಡಿಕೊಟ್ಟ ಹೊಸ ಚಿಲಕ ಬಿಸಿಲಿಗೆ ಹೊಳೆಯುತ್ತಿತ್ತು. ಆಮೇಲೆ ಅಂಗಳದಲ್ಲಿ ಒಂದು ಕುಡಗೋಲು, ಆಮೇಲೆ ಕಬ್ಬಿಣದ ಹಂಚು ಕಂಡವು. ಹಿಡಿಕೆ ಸರಳನ್ನು ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದು ನಿಲ್ಲಿಸಿದ್ದ. ಅವನ ಕೈ ಬದುಕಿದೆಯೆಂದು ಇಡೀ ಊರಿಗೆ ಕಾಣುತ್ತಿತ್ತು. ಅವನು ಮಾತ್ರ ನನಗೆ ಕಾಣುತ್ತಿರಲಿಲ್ಲ.

ಹೋದ ಸೋಮವಾರ ಕಂಡ. ಸರಳನ್ನು ಎಡಗೈಯಲ್ಲಿ ಹಿಡಿದು, ಹೊಸ್ತಿಲ ಮೇಲೆ ನಿಂತು, ಮೊದಲಿನ ಹಾಗೇ ಹೊರಗೆ ಬಾಗಿ ದಾರಿ ನೋಡುತ್ತಿದ್ದ. ನಗಲಿಲ್ಲ. ಕೈ ಎತ್ತಲಿಲ್ಲ. ನಾನೂ ಗಾಡಿ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಒಳಗೆ ಹೋದಾನೆಂಬ ಹೆದರಿಕೆ. ಬಾಗಿಲ ಮುಂದೆ ದಾಟುವಾಗ ಹೇಳಿದ.

'ಎಡಕ್ಕ ಕಲ್ಲೈತಿ, ನೋಡ್ಕೋ.'

ಒಂಟಿ ಗಾಡಿಯಲ್ಲಿ ಎಡಗಡೆಯ ಗಾಲಿ ನನಗೇ ಕಾಣುತ್ತದೆ. ಕಲ್ಲೂ ಕಂಡಿತ್ತು. ಆದರೂ ಹೂಂ ಎಂದು ಬಲಕ್ಕೆ ತಿರುಗಿಸಿದೆ. ಅಂದಿನಿಂದ ದಿನಾ ಹೇಳುತ್ತಾನೆ, ಒಂದೇ ಸಲ. ಉಳಿದ ತೊಂಬತ್ತೊಂಬತ್ತು ಕಲ್ಲುಗಳನ್ನು ನಾನೇ ನೋಡಿಕೊಂಡು ಹೋಗುತ್ತೇನೆ.